ಲಕ್ಕುಂಡಿಯಲ್ಲಿ ಒಂದು ವಸ್ತಿ

(ಏಪ್ರಿಲ್ 18ರ ವಿಶ್ವ ಪರಂಪರೆ ದಿನದ ನೆಪದಲ್ಲಿ ಗದಗ ಸೀಮೆಯ ಒಂದು ಕಾಲೇಜಿನಲ್ಲಿ ಆಡಿದ ಮಾತು. ನೆನಪಿನಿಂದ ಬರೆದುಕೊಂಡಿದ್ದೇನೆ. ಮಾತಾಡುವಾಗ ದಾರಿ ತಪ್ಪಿದ ಕಡೆ ಅಷ್ಟಿಷ್ಟು ತಿದ್ದಿದ್ದೇನೆ, ಪೂರ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟ ಸರ್ ನನ್ನನ್ನು ‘ಇತಿಹಾಸ ತಜ್ಞರು’ ಅಂದುಬಿಟ್ಟರು. ಹಾಗೇನಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಮಾಸ್ತರ. ಮನೆಗೆ ಬಂದ ಬೀಗರು, ಬೀಗರ ಬೀಗರು, ಮಗಳ ಆಫೀಸಿನ ಗೆಳತಿಯರು, ಎಲ್ಲರನ್ನೂ ಕರೆದುಕೊಂಡು ಹೋಗಿ ಗುಡಿ ತೋರಿಸುತ್ತಾ ತೋರಿಸುತ್ತಾ ಇದೊಂದು ಚಟವಾಯಿತು. ಆ ಚಟಕ್ಕೆ ಇವತ್ತು ಶಾಲು ಹೊದಿಸಿದ್ದೀರಿ.

ಹೋದ ಚಳಿಗಾಲದಲ್ಲಿ ಒಂದು ರವಿವಾರ, ಗದಗಿನ ಹತ್ತಿರದ ಹಳೆಯ ಗುಡಿಗಳ ಊರು ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಹತ್ತಿರ ಸುಮ್ನೆ ಕುಳಿತಿದ್ದೆ. ಬೆಂಗಳೂರು ಪಾಸಿಂಗಿನ ಒಂದು ಕಾರು ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಬೆಳಿಗ್ಗೆ ಹಂಪಿ ಬಿಟ್ಟಿದ್ದರು, ಬಾದಾಮಿ ಸೇರಬೇಕಿತ್ತು. ಗುಡಿಯನ್ನು ಒಂದು ಸುತ್ತು ಹಾಕಿದರು. ನಾಲ್ಕು ಫೋಟೊ ತೆಗೆದುಕೊಂಡರು. ಸಣ್ಣ ಹುಡುಗ ‘ಅಪ್ಪಾ, ಬಾತ್‌ರೂಮ್’ ಅಂದ. ಅಪ್ಪ ಆ ಕಡೆ ಈ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಸರ್, ಇಲ್ಲಿ ನೋಡೋಕೆ ಇಷ್ಟೇನಾ? ಬೇರೆ ಏನಾದ್ರೂ ಇದೆಯಾ?’ ಅಂತ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, ‘ಊಟ ಗದಗಲ್ಲೇ ಮಾಡೋಣ ರೀ, ಇಲ್ಲೇನೂ ಸಿಗಲ್ಲ’ ಅಂದರು. ಕಾರು ಹೊರಟಿತು. ನನ್ನ ಗಡಿಯಾರದಲ್ಲಿ 22 ನಿಮಿಷ ಆಗಿತ್ತು.

ಅವರದೇನೂ ತಪ್ಪಿಲ್ಲ. ಅಷ್ಟಾದರೂ ನಿಂತರಲ್ಲ ಅನ್ನಬೇಕು. ನಾನು ಇವತ್ತು ಮಾತಾಡುವುದೆಲ್ಲ ಈ 22 ನಿಮಿಷದ ಬಗ್ಗೆ.

‘ನಮ್ಮ ಕಡೆಯ ಗುಡಿಗಳು ಯಾರಿಗೂ ಗೊತ್ತಿಲ್ಲ, ಪ್ರಚಾರ ಸಾಲದು’ ಅನ್ನುವುದನ್ನು ಪ್ರತಿ ಸಭೆಯಲ್ಲೂ ಕೇಳುತ್ತೇನೆ. ನನಗೆ ಅದು ಅರ್ಧ ಮಾತ್ರ ಸರಿ ಅನಿಸುತ್ತದೆ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಒಂದರಿಂದ ಇನ್ನೊಂದಕ್ಕೆ ಹೋಗುವವರು ನಮ್ಮ ಮನೆ ಬಾಗಿಲ ಮುಂದೆಯೇ ಹಾಯಬೇಕು. ಗದಗ ಮೇಲೆ ಹೋದರೆ ಲಕ್ಕುಂಡಿ ಸಿಗುತ್ತದೆ, ಕುಕನೂರು ಮೇಲೆ ಹೋದರೆ ಇಟಗಿ ಪಕ್ಕದಲ್ಲೇ ಇರುತ್ತದೆ. ಹಾಯುವ ಜನ ಇದ್ದಾರೆ. ನಿಲ್ಲುವ ಜನ ಇಲ್ಲ.

ನಮ್ಮ ಕಡೆ ವಸ್ತಿ ಅಂತೀವಲ್ಲ, ವಸ್ತಿ ಬಸ್ಸು ಅಂದರೆ ರಾತ್ರಿ ಊರಲ್ಲೇ ನಿಂತು ನಸುಕಿನಲ್ಲಿ ಹೊರಡುವ ಬಸ್ಸು. ಲಕ್ಕುಂಡಿಗೆ ಪ್ರವಾಸಿಗರು ಬರುತ್ತಾರೆ, ವಸ್ತಿ ಮಾಡುವುದಿಲ್ಲ. 22 ನಿಮಿಷ ನಿಲ್ಲುವವರು ಊರಿಗೆ ಬಿಟ್ಟು ಹೋಗುವುದು ಬಹಳ ಅಂದರೆ ಎರಡು ಕಪ್ ಚಹಾದ ದುಡ್ಡು, ಒಂದು ಖಾಲಿ ನೀರಿನ ಬಾಟಲಿ. ಅದೇ ಒಂದು ರಾತ್ರಿ ಉಳಿದರೆ ಕೋಣೆಗೆ ಬಾಡಿಗೆ, ರೊಟ್ಟಿ ಊಟಕ್ಕೆ ದುಡ್ಡು, ಟಂಟಂ ಆಟೊದವನಿಗೆ ಬಾಡಿಗೆ, ಗುಡಿ ತೋರಿಸಿದ ಹುಡುಗನಿಗೆ ಸಂಬಳ. ಇನ್ನೊಂದು ಮಜಾ ಕೇಳಿ. ‘ವಸತಿ’ ಅನ್ನುವ ಪದವೇ ಜನರ ನಾಲಿಗೆಯ ಮೇಲೆ ಉರುಳಿ ಒಂದು ಕಡೆ ‘ವಸ್ತಿ’ ಆಯಿತು, ಇನ್ನೊಂದು ಕಡೆ ‘ಬಸದಿ’ ಆಯಿತು. ಲಕ್ಕುಂಡಿಯ ಬಸದಿಗೆ ಸಾವಿರ ವರ್ಷ ದಾಟಿತು. ವಸ್ತಿಗೆ ಮಾತ್ರ ಗದಗಿನ ಲಾಡ್ಜಿಗೆ ಹೋಗಬೇಕು.

ಆ ಕಾರಿನವರು ಇನ್ನೊಂದು ಗಂಟೆ ಕೊಟ್ಟಿದ್ದರೆ ನಾನು ಏನು ತೋರಿಸುತ್ತಿದ್ದೆ?

ಮೊದಲು ಅದೇ ಬಸದಿಗೆ, ಬ್ರಹ್ಮ ಜಿನಾಲಯಕ್ಕೆ ಕರೆದೊಯ್ಯುತ್ತಿದ್ದೆ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಆಕೆಯ ಗಂಡ ನಾಗದೇವ ಚಾಲುಕ್ಯರ ದಂಡನಾಯಕ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅಕ್ಕ ಸಣ್ಣ ಮಗನನ್ನು ಇಟ್ಟುಕೊಂಡು ಬದುಕಿದಳು. ಬದುಕಿ ಏನು ಮಾಡಿದಳು? ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದಳು. ಯುರೋಪಿನಲ್ಲಿ ಅಚ್ಚಿನ ಯಂತ್ರ ಬರುವುದಕ್ಕೆ ಇನ್ನೂ ನಾಲ್ಕೂವರೆ ನೂರು ವರ್ಷ ಇತ್ತು. ರನ್ನನಿಗೆ ಆಸರೆಯಾಗಿ ನಿಂತು ಅಜಿತಪುರಾಣ ಬರೆಸಿದಳು. ಈ ಕಥೆಯನ್ನು ಗುಡಿಯ ಒಳಗೆ ನಿಂತು, ಆ ನಾಲ್ಕು ಮುಖದ ಬ್ರಹ್ಮನ ಮೂರ್ತಿಯ ಮುಂದೆ ಹೇಳಿದರೆ ಮೊಬೈಲ್ ಹಿಡಿದ ಕೈಗಳು ತಾವಾಗಿ ಕೆಳಗೆ ಇಳಿಯುತ್ತವೆ. ನಾನು ನೋಡಿದ್ದೇನೆ. ಅದರಲ್ಲೂ ಹೆಣ್ಣುಮಕ್ಕಳು ತಂಗಿಯ ವಿಷಯ ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಆಮೇಲೆ ಕಾಶಿ ವಿಶ್ವೇಶ್ವರ. ಅವರು ಸುತ್ತು ಹಾಕಿ ಬಂದಿದ್ದರಲ್ಲ, ಅದೇ. ಅಲ್ಲಿ ಎರಡು ಗುಡಿ ಎದುರುಬದುರು ಇವೆ ಅನ್ನುವುದನ್ನು ಅವರು ಗಮನಿಸಿದಂತೆ ಕಾಣಲಿಲ್ಲ. ಒಂದು ಶಿವನದು, ಪೂರ್ವಕ್ಕೆ ಮುಖ. ಎದುರಿನ ಸಣ್ಣದು ಸೂರ್ಯನದು, ಪಶ್ಚಿಮಕ್ಕೆ ಮುಖ. ಇನ್ನು ಕಲ್ಲು. ಬಾದಾಮಿ, ಪಟ್ಟದಕಲ್ಲಿನಲ್ಲಿ ಇರುವುದು ಮರಳುಗಲ್ಲು, ಕೆಂಪು, ದಪ್ಪ. ಇಲ್ಲಿಗೆ ಬಂದಾಗ ಕುಶಲಕರ್ಮಿಗಳು ಬಳಪದ ಕಲ್ಲು ಹಿಡಿದರು. ಅದು ಗಣಿಯಿಂದ ತೆಗೆದಾಗ ಮೆತ್ತಗೆ ಇರುತ್ತದೆ, ಉಳಿ ಹೇಳಿದ ಹಾಗೆ ಕೇಳುತ್ತದೆ. ಕಲ್ಲು ಬದಲಾದದ್ದೇ ಕೈ ಬದಲಾಯಿತು. ಬಾಗಿಲವಾಡದ ಪಟ್ಟಿಗಳಲ್ಲಿ ಬೆರಳುಗುರಿನಷ್ಟು ಸಣ್ಣ ಕೆತ್ತನೆ, ಕಂಬಗಳಲ್ಲಿ ಚರಕಿಗೆ ಹಾಕಿ ಕಡೆದಂಥ ಬಳೆಗಳು. ಮುಂದೆ ಬೇಲೂರು ಹಳೇಬೀಡಿನಲ್ಲಿ ನಾವು ಬಾಯಿ ಬಿಟ್ಟುಕೊಂಡು ನೋಡುವ ಕುಸುರಿಗೆ ದಾರಿ ಹಾಕಿದ್ದು ಈ ಕೈಗಳು. ಆ ಹೊಯ್ಸಳ ಗುಡಿಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ನಾವೂ ಪೇಢೆ ಹಂಚಬೇಕಿತ್ತು. ಹೊಯ್ಸಳ ವೀರಬಲ್ಲಾಳ ದೇವಗಿರಿಯ ಸೇವುಣರನ್ನು ಸೊರಟೂರಿನ ಹತ್ತಿರ ಸೋಲಿಸಿ ಬಂದು ಠಿಕಾಣಿ ಹೂಡಿದ್ದೂ ಇದೇ ಲೊಕ್ಕಿಗುಂಡಿಯಲ್ಲಿ, ಅಂದರೆ ಅಂದಿನ ಲಕ್ಕುಂಡಿಯಲ್ಲಿ ಅಲ್ವಾ.

ಕೊನೆಗೆ ಮುಸುಕಿನ ಬಾವಿ. ಮಾಣಿಕೇಶ್ವರ ಗುಡಿಯ ಪಕ್ಕದಲ್ಲಿದೆ. ದೂರದಿಂದ ಏನೂ ಕಾಣುವುದಿಲ್ಲ, ಹತ್ತಿರ ಹೋದಾಗಲೇ ನೆಲ ತೆರೆದುಕೊಂಡ ಹಾಗೆ ಮೆಟ್ಟಿಲುಗಳು ಕಾಣುತ್ತವೆ. ಮೆಟ್ಟಿಲ ನಡುನಡುವೆ ಸಣ್ಣ ಸಣ್ಣ ಗೂಡುಗುಡಿಗಳು, ಒಂದೊಂದಕ್ಕೂ ತನ್ನದೇ ಶಿಖರ. ಬಿಸಿಲು ಇಳಿದ ಮೇಲೆ ಅಲ್ಲಿ ಹತ್ತು ನಿಮಿಷ ಮಾತಿಲ್ಲದೆ ಕೂಡಬೇಕು. ಈ ಊರಿಗೆ ‘ನೂರಾ ಒಂದು ಗುಡಿ, ನೂರಾ ಒಂದು ಬಾವಿ’ ಅನ್ನುವ ಮಾತಿದೆ. ಎಣಿಸಿ ತೋರಿಸಿ ಅಂತ ನನ್ನನ್ನು ಕೇಳಬೇಡಿ, ಜನರ ಬಾಯಲ್ಲಿ ಬಂದ ಲೆಕ್ಕಕ್ಕೆ ನಾನು ತಿದ್ದುವ ಪೆನ್ನು ಹಿಡಿಯುವುದಿಲ್ಲ.

ಗಣಿತದ ಮಾಸ್ತರ ಅಂದೆನಲ್ಲ, ನನ್ನ ಗುಡಿ ಯಾವುದು ಗೊತ್ತಾ? ಡಂಬಳದ ದೊಡ್ಡಬಸಪ್ಪ. ಮುಂಡರಗಿ ತಾಲ್ಲೂಕು, ಗದಗಿನಿಂದ 20 ಕಿ.ಮೀ. ಆಸುಪಾಸು. ಹೊರಗಿನಿಂದ ನೋಡಿದರೆ ಅದರ ಗೋಡೆ ಎಲ್ಲೂ ನೆಟ್ಟಗೆ ಹೋಗುವುದಿಲ್ಲ. ಮೂಲೆ, ಮೂಲೆ, ಮೂಲೆ. ಒಂಬತ್ತನೇ ಕ್ಲಾಸಿನ ಹುಡುಗರನ್ನು ಕರೆದುಕೊಂಡು ಹೋದಾಗ ಹೊರಗಿನ ಬಯಲಲ್ಲಿ ನೆಲದ ಮೇಲೆ ಒಂದು ಚೌಕ ಬರೆಸಿದೆ. ನಟ್ಟನಡುವೆ ಒಂದು ಗೂಟ. ಆ ಚೌಕವನ್ನು ಗೂಟದ ಸುತ್ತ 15 ಡಿಗ್ರಿ ತಿರುಗಿಸಿ ಮತ್ತೆ ಬರೆಯಿರಿ ಅಂದೆ. ಮತ್ತೆ 15. ಮತ್ತೆ 15. ಆರು ಚೌಕ ಆದ ಮೇಲೆ ಏಳನೆಯದು ಮೊದಲಿನ ಚೌಕದ ಮೇಲೆಯೇ ಬಂದು ಕೂತಿತು. ‘ಒಳಗಿನ ಗೆರೆ ಎಲ್ಲ ಅಳಿಸಿ, ಹೊರಗಿನ ಮೂಲೆ ಎಣಿಸಿ’ ಅಂದೆ. ಆರ್ ನಾಲ್ಕಲೆ ಇಪ್ಪತ್ತನಾಲ್ಕು. ಎದ್ದು ಗುಡಿ ನೋಡಿದರು. ಒಬ್ಬ ಹುಡುಗ ಕೋನಮಾಪಕ ಹಿಡಿದೇ ಓಡಿದ. 24 ಮೂಲೆಯ ನಕ್ಷತ್ರ! ಒಂದೇ ಚೌಕವನ್ನು ತಿರುಗಿಸುತ್ತಾ ತಿರುಗಿಸುತ್ತಾ ಒಂದು ಗುಡಿ. ಇದಕ್ಕೆ ನಮಗೆ ಬೇಕಾದದ್ದು ಒಂದು ಹಗ್ಗ, ಒಂದು ಗೂಟ, ಒಂದಿಷ್ಟು ಸುಣ್ಣದ ಪುಡಿ. ಆ ದಿನ ಹುಡುಗರನ್ನು ಬಸ್ಸಿಗೆ ಹತ್ತಿಸುವುದೇ ಕಷ್ಟವಾಯಿತು. ಅದೇ ಡಂಬಳದಲ್ಲಿ 1095ರ ಒಂದು ಶಾಸನ ಬೌದ್ಧ ವಿಹಾರದ, ತಾರಾದೇವಿಯ ಮಾತು ಹೇಳುತ್ತದೆ. ಬಸಪ್ಪನ ಊರಲ್ಲಿ ಬುದ್ಧನ ಜಾಡು. ಆದರೆ ಚೌಕ ತಿರುಗಿಸಿದ ಹುಡುಗರಿಗೆ ಅವತ್ತು ಅದನ್ನು ಹೇಳಲು ಹೊತ್ತೇ ಉಳಿಯಲಿಲ್ಲ.

ಲಕ್ಕುಂಡಿ ಒಂದನ್ನೇ ಇಟ್ಟುಕೊಂಡರೆ ಯಾರೂ ವಸ್ತಿ ಮಾಡಲಿಕ್ಕಿಲ್ಲ. ಅದು ನನಗೂ ಗೊತ್ತು. ಅದನ್ನು ನಡುವೆ ಇಟ್ಟು ಸುತ್ತಲಿನದನ್ನು ಪೋಣಿಸಬೇಕು. ಇಟಗಿಯ ಮಹಾದೇವ ಗುಡಿ ಇದೆ, 1112ರದು, ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಅನ್ನುತ್ತದೆ. ಆ ಹೊಗಳಿಕೆ ಸ್ವಲ್ಪ ಜಾಸ್ತಿ ಆಯ್ತೇನೋ ಅಂದುಕೊಂಡು ಹೋದರೂ ಒಳಗಿನ ಕಂಬಗಳನ್ನು ನೋಡಿದ ಮೇಲೆ ಬಾಯಿ ಮುಚ್ಚುತ್ತೇವೆ. ಪಕ್ಕದಲ್ಲೇ ಕುಕನೂರಿನ ನವಲಿಂಗ. ಗದಗಿನಲ್ಲಿ ತ್ರಿಕೂಟೇಶ್ವರ, ಅದರ ಸರಸ್ವತಿ ಗುಡಿಯ ಕಂಬಗಳು, ಕುಮಾರವ್ಯಾಸ ಕುಳಿತು ಬರೆದನೆಂದು ನಂಬುವ ವೀರನಾರಾಯಣನ ಗುಡಿ. ಅತ್ತ ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ. ಚಳಿಗಾಲದಲ್ಲಾದರೆ ಬೆಳಿಗ್ಗೆ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹೊಲದಲ್ಲಿ ಮೇದು ಕೆರೆಗೆ ಇಳಿಯುವ ಹೊತ್ತಿಗೆ ಅಲ್ಲಿರಬೇಕು. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನೋಡಿ, ಹೆಬ್ಬಾತು ನೋಡಬೇಕು ಅಂದರೆ ನಸುಕಿನಲ್ಲಿ ಅಲ್ಲಿರಬೇಕು. ನಸುಕಿನಲ್ಲಿ ಅಲ್ಲಿರಬೇಕು ಅಂದರೆ ಹಿಂದಿನ ರಾತ್ರಿ ಇಲ್ಲೇ ಉಳಿಯಬೇಕು. ಹಂಪಿಯಿಂದ ಎದ್ದು ಬರಲು ಆಗುವುದಿಲ್ಲ. ನಮ್ಮ ವಸ್ತಿಗೆ ಗುಡಿಗಿಂತ ಹಕ್ಕಿಗಳೇ ಒಳ್ಳೆಯ ಏಜೆಂಟರು.

ಈಗ ಏನು ಅಡ್ಡಿ ಅನ್ನುವುದಕ್ಕೆ ಬರುತ್ತೇನೆ.

ಒಂದು ಸಣ್ಣ ವಿಷಯ, ಕೀಲಿ. ಎಷ್ಟೋ ಊರಲ್ಲಿ ಗುಡಿಗೆ ಕೀಲಿ ಹಾಕಿರುತ್ತಾರೆ, ಹಾಕಲೇಬೇಕು. ಆದರೆ ಕೀಲಿಕೈ ಯಾರ ಹತ್ತಿರ? ಒಂದು ಸಲ, ಊರಿನ ಹೆಸರು ಬೇಡ, ಐದು ಜನ ಕಾರು ಮಾಡಿಕೊಂಡು ಹೋಗಿ ಒಂದು ಗುಡಿಯ ಮುಂದೆ ನಿಂತೆವು. ಕೀಲಿಕೈ ಇದ್ದವರು ಮದುವೆಗೆ ಹೋಗಿದ್ದರು. ಬಾಗಿಲ ಸಂದಿಯಿಂದ ಒಬ್ಬೊಬ್ಬರೇ ಇಣುಕಿ ನೋಡಿ ವಾಪಸ್ ಬಂದೆವು. ಅದರ ಪಕ್ಕದಲ್ಲಿ ಪ್ರವಾಸಿಗರಿಗೆಂದೇ ಕಟ್ಟಿಸಿದ ಶೌಚಾಲಯ ಇತ್ತು, ಟೈಲ್ಸ್ ಹಾಕಿ ಚೆಂದ ಮಾಡಿದ್ದರು. ಅದಕ್ಕೂ ಕೀಲಿ. ಎರಡು ಕೀಲಿಗೂ ಒಬ್ಬರೇ ಯಜಮಾನರೋ ಏನೋ. ಗುಡಿಯ ಗೇಟಿಗೆ ಒಂದು ಫೋನ್ ನಂಬರ್ ಬರೆದು ಹಾಕಿದ್ದರೆ ಆ ದಿನ ನಮ್ಮ ಪ್ರವಾಸ ಉಳಿಯುತ್ತಿತ್ತು. ಇದಕ್ಕೆ ಎಷ್ಟು ಕೋಟಿ ಬೇಕು ಹೇಳಿ?

ಇನ್ನು ಬೋರ್ಡು. ರಕ್ಷಿತ ಸ್ಮಾರಕದ ಮುಂದೆ ಒಂದು ನೀಲಿ ಬೋರ್ಡು ಇರುತ್ತದೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ, ಕಲ್ಲು ಕೆಡಿಸಿದರೆ 2 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಇರಲಿ, ಬೇಕೇ ಬೇಕು. ಆದರೆ ಬಂದವರಿಗೆ ಮೊದಲು ಕಾಣುವುದು ಜೈಲಿನ ಮಾತು. ಕಥೆ ಹೇಳುವ ಬೋರ್ಡು ಇದ್ದರೂ ‘ಗರ್ಭಗೃಹ, ಅಂತರಾಳ, ನವರಂಗಗಳನ್ನು ಒಳಗೊಂಡಿದ್ದು’ ಅಂತ ಶುರುವಾಗುತ್ತದೆ. ಅದನ್ನು ಓದಿ ಯಾವ ಮಗು ತಾನೇ ಒಳಗೆ ಓಡೀತು? ‘ಈ ಗುಡಿಗೆ 24 ಮೂಲೆ ಇವೆ, ಎಣಿಸಿ ನೋಡಿ’ ಅಂತ ಬರೆಯಲಿ, ನೋಡೋಣ.

ಈಗ ನಾನು ಸ್ವಲ್ಪ ಬಿಸಿಯಾಗುವ ವಿಷಯ. ಲಕ್ಕುಂಡಿಯಲ್ಲಿ ಗುಡಿ ಊರ ಹೊರಗೆ ಇಲ್ಲ, ಊರೇ ಗುಡಿಗಳ ನಡುವೆ ಇದೆ. 2010ರಲ್ಲಿ ಕಾಯ್ದೆ ತಿದ್ದಿದ ಮೇಲೆ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ರಿಪೇರಿಗೂ ಅನುಮತಿ ಬೇಕು. ಒಂದು ಗುಡಿ ಇದ್ದರೆ ಒಂದು ವೃತ್ತ. ಊರ ತುಂಬ ಗುಡಿ ಇದ್ದರೆ ವೃತ್ತದ ಮೇಲೆ ವೃತ್ತ ಬಿದ್ದು ಇಡೀ ಊರೇ ಒಳಗೆ ಬರುತ್ತದೆ. ಜ್ಯಾಮಿತಿ ಕಲಿಸಿದವನಿಗೆ ಇದು ಬೇಗ ಅರ್ಥವಾಗುತ್ತದೆ, ಮಾಳಿಗೆ ಸೋರುವವರಿಗೆ ಇನ್ನೂ ಬೇಗ. ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಗುಡಿಗೆ ಅಂಟಿಕೊಂಡೇ ಮೂರಂತಸ್ತಿನ ಮನೆ ಏಳುತ್ತಿದ್ದವು, ಎದ್ದೂ ಇವೆ. ಆದರೆ ಊರಿನವರ ಪಾಲಿಗೆ ಗುಡಿಯಿಂದ ಬಂದದ್ದು ನಿಯಮ ಮಾತ್ರ, ದುಡ್ಡು ಬರಲಿಲ್ಲ ಅಂದರೆ ಅವರು ಆ ಕಲ್ಲನ್ನು ಯಾಕಾದರೂ ಪ್ರೀತಿಸಬೇಕು? ಒಬ್ಬ ಅಜ್ಜಿ ನನಗೆ ಹೇಳಿದ್ದು ಇದು: ‘ಗುಡಿ ಸೋರಿದ್ರ ಸರ್ಕಾರದೋರು ಓಡಿ ಬರ್ತಾರ ತಮ್ಮಾ, ನನ್ನ ಮನಿ ಸೋರಿದ್ರ ಅರ್ಜಿ ಬರಿ ಅಂತಾರ.’

ಹಂಪಿಯಲ್ಲಿ ಏನಾಯಿತು ನೆನಪಿದೆಯಾ? 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. 2020ರಲ್ಲಿ ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ಕಾನೂನಿನ ಪ್ರಕಾರ ಸರಿ ಇರಬಹುದು, ಗಡ್ಡೆಯದು ಸುಪ್ರೀಂ ಕೋರ್ಟಿನ ತನಕ ಹೋಗಿ ಬಂದದ್ದು. ಆದರೆ ಪ್ರವಾಸಿಗರು ಮೊದಲು ಬಂದು, ಅಂಗಡಿ ಆಮೇಲೆ ಹುಟ್ಟಿ, ನಿಯಮ ಕೊನೆಗೆ ನೆನಪಾದರೆ ಹೀಗೇ ಆಗುವುದು. ಅದೇ ಹೊಳೆಯ ಇನ್ನೊಂದು ದಡದಲ್ಲಿ ಆನೆಗೊಂದಿ ಇದೆ. ಅಲ್ಲಿ ಹೆಣ್ಣುಮಕ್ಕಳು ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ. ಹಳೆಯ ಮಣ್ಣಿನ ಮನೆಗಳನ್ನೇ ಸರಿಮಾಡಿ ಬಂದವರನ್ನು ಇಳಿಸಿಕೊಳ್ಳುತ್ತಾರೆ. ಹೊಸದಾಗಿ ಕಟ್ಟಲು ಬಿಡದ ನಿಯಮ, ಇದ್ದ ಮನೆಯನ್ನು ಚೊಕ್ಕ ಮಾಡಿ ಒಂದು ಕೋಣೆ ಬಿಟ್ಟುಕೊಡುವುದನ್ನು ಬೇಡ ಅನ್ನುವುದಿಲ್ಲ. ನಮಗೆ ದಾರಿ ಇರುವುದು ಅಲ್ಲಿ. ರೆಸಾರ್ಟಿನ ಕನಸು ಬಿಡಿ.

ಉತ್ಸವದ ಬಗ್ಗೆ ಹೇಳಿ ಅಂತ ಮುಂದಿನ ಸಾಲಿನಿಂದ ಚೀಟಿ ಬಂದಿದೆ. ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆಯ ಒಂದು ಉತ್ಸವಕ್ಕೆ ಹೋಗಿದ್ದೆ. ಸಿನಿಮಾ ಹಾಡಿಗೆ ಊರೆಲ್ಲ ಕುಣಿಯಿತು, ನಾನೂ ಕಾಲು ಅಲ್ಲಾಡಿಸಿದೆ. ಬೆಳಿಗ್ಗೆ ಬಾವಿಯ ಮೆಟ್ಟಿಲ ಮೇಲೆ ಪೇಪರ್ ಕಪ್ಪುಗಳಿದ್ದವು. ಬಂದ ಜನ ಹತ್ತು ಹೆಜ್ಜೆ ಆಚೆಗಿದ್ದ ಗುಡಿಗೆ ಕಾಲಿಟ್ಟಿರಲಿಲ್ಲ. ಎರಡು ರಾತ್ರಿಯ ಆ ಖರ್ಚಿನಲ್ಲಿ ಎಷ್ಟು ಹುಡುಗರಿಗೆ ವರ್ಷವಿಡೀ ಗೈಡ್ ಸಂಬಳ ಕೊಡಬಹುದಿತ್ತು ಅಂತ ಲೆಕ್ಕ ಹಾಕಲು ನನ್ನ ಕೈ ತುರಿಸುತ್ತದೆ, ಆದರೆ ಖರ್ಚಿನ ಪಟ್ಟಿ ನನಗೆ ಯಾರು ಕೊಡುತ್ತಾರೆ?

ಹಾಗೆಯೇ ಬಣ್ಣ. ದಯವಿಟ್ಟು ಜೀರ್ಣೋದ್ಧಾರ ಅಂತ ಹಳೆಯ ಕಲ್ಲಿಗೆ ಆಯಿಲ್ ಪೇಂಟ್ ಬಳಿಯಬೇಡಿ. ಭಕ್ತಿ ಇರುವವರೇ ಇದನ್ನು ಮಾಡುತ್ತಾರೆ, ಅದೇ ಸಂಕಟ. ಬೈಯಲೂ ಬಾಯಿ ಬರುವುದಿಲ್ಲ.

ಕಾಲೇಜಿನ ಮಕ್ಕಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಊರಿನ ಒಂದೇ ಒಂದು ಗುಡಿ, ಒಂದು ವೀರಗಲ್ಲು, ಒಂದು ಹೊಂಡ, ಏನಾದರೂ ಒಂದು ಆರಿಸಿಕೊಳ್ಳಿ. ಅದರ ಮುಂದೆ ನಿಂತು ಅರ್ಧ ಗಂಟೆ ಬೇಸರ ಬರದ ಹಾಗೆ ಮಾತಾಡಲು ಕಲಿಯಿರಿ. ಇಸವಿ ಕಡಿಮೆ ಇರಲಿ, ಕಥೆ ಜಾಸ್ತಿ ಇರಲಿ. ಸುಳ್ಳು ಕಥೆ ಬೇಡ, ಸುರಂಗ ಹಂಪಿಯ ತನಕ ಹೋಗುತ್ತದೆ ಅನ್ನುವಂಥದ್ದು. ಪ್ರತಿ ಊರಲ್ಲೂ ಈ ಸುರಂಗ ಇದೆ. ಎಲ್ಲ ನಿಜವಾಗಿದ್ದರೆ ನಮ್ಮ ಜಿಲ್ಲೆ ಯಾವಾಗಲೋ ಕುಸಿಯುತ್ತಿತ್ತು.

ಇಷ್ಟು ಹೇಳಿ ಕುಳಿತೆ. ಪ್ರಶ್ನೆ ಕೇಳಿ ಅಂದರು. ಒಬ್ಬ ಹುಡುಗ, ‘ಸರ್, ಜನ ಜಾಸ್ತಿ ಬಂದ್ರೆ ಊರು ಹಾಳಾಗೋದಿಲ್ವಾ?’ ಅಂದ. ಒಳ್ಳೆಯ ಪ್ರಶ್ನೆ. ಹಾಳಾಗಬಹುದು. ಅದಕ್ಕೇ ನಾನು ನೂರು ಬಸ್ಸು ಕೇಳುತ್ತಿಲ್ಲ. ಹತ್ತು ಮನೆಯಲ್ಲಿ ಹತ್ತು ಕೋಣೆ ಇದ್ದರೆ ಅಷ್ಟಕ್ಕೇ ಜನ ಉಳಿಯುತ್ತಾರೆ, ಉಳಿದವರು ಮುಂದೆ ಹೋಗುತ್ತಾರೆ ಅಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಸಭೆ ಮುಗಿದು ಗಿರ್ಮಿಟ್ ತಿನ್ನುತ್ತಾ ನಿಂತಿದ್ದಾಗ ಸ್ತ್ರೀಶಕ್ತಿ ಸಂಘದ ಒಬ್ಬ ಹೆಣ್ಣುಮಗಳು ಹತ್ತಿರ ಬಂದರು.

‘ಮಾಸ್ತರ್ರ, ನಮ್ಮ ಮಾಳಗಿ ಮ್ಯಾಲ ಒಂದು ಖೋಲಿ ಖಾಲಿ ಐತ್ರಿ. ಮಗ ಪುಣೆಕ ಹೋದ ಮ್ಯಾಲ ಶೇಂಗಾ ಚೀಲ ಇಟ್ಟೀವಿ.’

‘ಚೀಲ ಕೆಳಗ ಇಳಸ್ರಿ ಮತ್ತ. ಬಾತ್‌ರೂಮ್ ಐತೇನು?’

‘ಐತ್ರಿ. ಖರೇ ಕಮೋಡ್ ಇಲ್ಲ ನೋಡ್ರಿ, ಕೂಡೋದೈತಿ.’

ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಮ್‌ಸ್ಟೇ ಅಂತ ನೋಂದಣಿ ಮಾಡಿಸಬೇಕು, ಅರ್ಜಿ ನಾನು ತುಂಬಿಕೊಡುತ್ತೇನೆ ಅಂದೆ. ಅವರು ತಲೆಯಾಡಿಸಿದರು. ಹೋಗಲು ತಿರುಗಿದವರು ಮತ್ತೆ ನಿಂತು ಕೇಳಿದರು:

‘ರೊಟ್ಟಿ ಊಟಾನೂ ಸೇರಿಸಿ ಒಂದ್ ರಾತ್ರಿಗೆ ಎಷ್ಟ್ ಕೇಳಬಹುದ್ರಿ?’